ಕಾಣದ ಸರಕಿನ ವ್ಯಾಪಾರ

ಸಂತೆಯಲ್ಲಿ ಮಾವಿನಹಣ್ಣು ಕೊಳ್ಳುವವನು ಹಣ್ಣನ್ನು ಮೂಸಿ ನೋಡುತ್ತಾನೆ, ತೊಟ್ಟಿನ ಬಳಿ ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ ನೋಡುತ್ತಾನೆ, ವ್ಯಾಪಾರಿ ಉದಾರಿಯಾಗಿದ್ದರೆ ಒಂದು ಹೋಳನ್ನು ಬಾಯಿಗೆ ಹಾಕಿಕೊಂಡ ಮೇಲೆಯೇ ಬೆಲೆಯ ಮಾತಿಗೆ ತೊಡಗುತ್ತಾನೆ. ವಿಡಿಯೋ ಆಟವನ್ನು ಕೊಳ್ಳುವವನಿಗೆ ಈ ಭಾಗ್ಯವಿಲ್ಲ. ಆಟದ ಗುಣವು ಅದರ ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರದಲ್ಲಾಗಲಿ ಜಾಹೀರಾತಿನ ಘೋಷಣೆಯಲ್ಲಾಗಲಿ ಇರದೆ, ಆಡುವವನ ಬೆರಳುಗಳಿಗೂ ತೆರೆಯ ಮೇಲಿನ ಚಲನೆಗೂ ನಡುವೆ ಗಂಟೆಗಟ್ಟಲೆಯ ಅಭ್ಯಾಸದಿಂದ ಮೂಡುವ ಸಂಬಂಧದಲ್ಲಿ ನೆಲಸಿರುವುದರಿಂದ, ಹಣ ತೆತ್ತು ಮನೆಗೆ ತಂದು ಆಡಿದ ಹೊರತು ಅದರ ಸ್ವರೂಪ ತಿಳಿಯದು. ತಿಳಿಯುವ ವೇಳೆಗೆ ಹಣ ಹೋಗಿರುತ್ತದೆ. ಪುಸ್ತಕವನ್ನಾದರೂ ಅಂಗಡಿಯಲ್ಲಿ ನಿಂತು ನಾಲ್ಕು ಪುಟ ತಿರುವಬಹುದು. ಆಟದ ವಿಷಯದಲ್ಲಿ ಬಹುಕಾಲ ಅದೂ ಸಾಧ್ಯವಿರಲಿಲ್ಲ. ಹೀಗೆ ಕಾಣದ ಸರಕನ್ನು ಕೊಳ್ಳುವ ಸಾಹಸಕ್ಕೆ ಆಟಗಾರನು ಯಾವ ಯಾವ ಕಾಲದಲ್ಲಿ ಯಾರ ಯಾರ ಮಾತನ್ನು ನಂಬಿ ಇಳಿದನು, ಆ ನಂಬಿಕೆ ಎಲ್ಲಿ ಫಲಿಸಿತು, ಎಲ್ಲಿ ಹುಸಿಯಾಯಿತು ಎಂಬುದೇ ಈ ವಿನೋದದ ಅರ್ಧ ಇತಿಹಾಸ. ಮಾರುವವರು ಕೊಟ್ಟ ಅಭಯಗಳು ಒಂದೊಂದಾಗಿ ಸವೆದುಹೋದುವು. ಆಟಗಾರರು ತಮ್ಮತಮ್ಮಲ್ಲಿ ಬೆಳೆಸಿಕೊಂಡ ವಿವೇಚನೆ ಮಾತ್ರ ಉಳಿಯಿತು ಎಂಬುದು ಆ ಇತಿಹಾಸವನ್ನು ಅವಲೋಕಿಸಿದವನಿಗೆ ತೋರುವ ಸಂಗತಿ.

ಆರಂಭದಲ್ಲಿ ಕ್ರಯವೇ ಇರಲಿಲ್ಲ. 1962ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವನ ಮಿತ್ರರು ಪಿಡಿಪಿ-1 ಎಂಬ ಗಣಕಯಂತ್ರದ ವರ್ತುಲಾಕಾರದ ತೆರೆಯ ಮೇಲೆ ಎರಡು ಆಕಾಶನೌಕೆಗಳು ಪರಸ್ಪರ ಕಾದಾಡುವ 'ಸ್ಪೇಸ್‌ವಾರ್' ಆಟವನ್ನು ರಚಿಸಿದಾಗ, ಆ ಯಂತ್ರದ ಬೆಲೆ ಸುಮಾರು 1,20,000 ಡಾಲರ್ ಆಗಿದ್ದುದರಿಂದ ಆಟವನ್ನು ಮಾರುವ ಯೋಚನೆ ಯಾರಿಗೂ ಹೊಳೆಯಲಿಲ್ಲ. ಬೇಕಾದವರು ನಕಲು ಮಾಡಿಕೊಂಡು ಹೋದರು. ಹತ್ತು ವರ್ಷಗಳ ತರುವಾಯ, 1972ರಲ್ಲಿ, ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ ಸ್ಥಾಪಿಸಿದ ಅಟಾರಿ ಕಂಪನಿಗಾಗಿ ಆಲನ್ ಆಲ್ಕಾರ್ನ್ ಎಂಬ ತರುಣ ಇಂಜಿನಿಯರ್ 'ಪಾಂಗ್' ಯಂತ್ರವನ್ನು ಕಟ್ಟಿ, ಕ್ಯಾಲಿಫೋರ್ನಿಯದ ಸನ್ನಿವೇಲ್ ಪಟ್ಟಣದ ಆ್ಯಂಡಿ ಕ್ಯಾಪ್ಸ್ ಎಂಬ ಪಾನಗೃಹದಲ್ಲಿ ಅದನ್ನು ಪರೀಕ್ಷಾರ್ಥವಾಗಿ ಇರಿಸಿದನು. ಕೆಲವು ದಿನಗಳಲ್ಲಿಯೇ ಯಂತ್ರ ಕೆಟ್ಟಿತೆಂದು ಕರೆ ಬಂದಿತು. ಹೋಗಿ ನೋಡಿದರೆ ಯಂತ್ರಕ್ಕೆ ಏನೂ ಆಗಿರಲಿಲ್ಲ, ನಾಣ್ಯ ಬೀಳುವ ಡಬ್ಬಿ ತುಂಬಿ ತುಳುಕಿ ಮುಂದಿನ ನಾಣ್ಯಕ್ಕೆ ಎಡೆಯಿಲ್ಲದಂತಾಗಿತ್ತು. ಈ ನಾಣ್ಯದ ಪದ್ಧತಿಯಲ್ಲಿ ಒಂದು ಪ್ರಾಮಾಣಿಕತೆ ಇದ್ದಿತೆಂಬುದನ್ನು ಗಮನಿಸಬೇಕು. ಇಪ್ಪತ್ತೈದು ಸೆಂಟಿನ ಒಂದು ನಾಣ್ಯವನ್ನು ಹಾಕಿದವನು ಎರಡು ಮೂರು ನಿಮಿಷಗಳಲ್ಲಿ ಆಟದ ಹುರುಳನ್ನು ತಿಳಿದುಕೊಳ್ಳುತ್ತಿದ್ದನು. ನಾಣ್ಯವಿಲ್ಲದವನು ಆಡುವವನ ಬೆನ್ನ ಹಿಂದೆ ನಿಂತು ಪುಕ್ಕಟೆಯಾಗಿಯೇ ತಿಳಿದುಕೊಳ್ಳುತ್ತಿದ್ದನು. ಆಟ ಹಿಡಿಸದಿದ್ದರೆ ಹೋಗುವುದು ಒಂದು ನಾಣ್ಯ ಮಾತ್ರ.

ಮನೆಯೊಳಗೆ ಬಂದ ಮೊದಲ ಯಂತ್ರದಲ್ಲಿಯೂ ಆಯ್ಕೆಯ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ನಾಜಿಗಳ ಜರ್ಮನಿಯಿಂದ ಹದಿಹರೆಯದಲ್ಲಿಯೇ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದ ರಾಲ್ಫ್ ಬೇಯರ್ ಎಂಬ ಇಂಜಿನಿಯರ್ 1966ರಿಂದ ಆರಂಭಿಸಿ ರೂಪಿಸಿದ ಯಂತ್ರವನ್ನು ಮ್ಯಾಗ್ನವಾಕ್ಸ್ ಕಂಪನಿಯು 1972ರಲ್ಲಿ 'ಒಡಿಸ್ಸಿ' ಎಂಬ ಹೆಸರಿನಿಂದ ಸುಮಾರು 100 ಡಾಲರಿಗೆ ಮಾರಿತು. ಅದರ ತೆರೆಯ ಮೇಲೆ ಕಾಣುತ್ತಿದ್ದುದು ಕೆಲವು ಬಿಳಿಯ ಚುಕ್ಕೆಗಳು ಮತ್ತು ಒಂದು ಗೆರೆ. ಟೆನಿಸ್ ಅಂಗಳವೋ ಭೂತಬಂಗಲೆಯೋ ಬೇಕಾದರೆ ಬಣ್ಣ ಹಚ್ಚಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಟೆಲಿವಿಷನ್ನಿನ ಗಾಜಿಗೆ ಅಂಟಿಸಿಕೊಳ್ಳಬೇಕಿತ್ತು. ಜೊತೆಗೆ ಬರುತ್ತಿದ್ದ ಕಾರ್ಡುಗಳು ಯಂತ್ರದೊಳಗಿನ ತಂತಿಗಳ ಜೋಡಣೆಯನ್ನು ಬದಲಿಸುತ್ತಿದ್ದುವೇ ಹೊರತು ತಮ್ಮೊಳಗೆ ಆಟವನ್ನು ಹೊತ್ತಿರಲಿಲ್ಲ. ಆಟವು ಯಂತ್ರದಿಂದ ಬೇರ್ಪಟ್ಟು ಸ್ವತಂತ್ರ ಸರಕಾದುದು 1976ರಲ್ಲಿ, ಜೆರ್ರಿ ಲಾಸನ್ ಎಂಬ ಆಫ್ರಿಕನ್-ಅಮೆರಿಕನ್ ಇಂಜಿನಿಯರನ ನೇತೃತ್ವದಲ್ಲಿ ಫೇರ್‌ಚೈಲ್ಡ್ ಕಂಪನಿಯು ಹೊರತಂದ 'ಚಾನೆಲ್ ಎಫ್' ಯಂತ್ರದಿಂದ. ಹಳದಿ ಬಣ್ಣದ ಪ್ಲಾಸ್ಟಿಕ್ ಕವಚದಲ್ಲಿ ಅಡಗಿದ, ಕಾರ್ಟ್ರಿಜ್ ಎಂಬ ಸ್ಮೃತಿಫಲಕವನ್ನು ಯಂತ್ರದ ಬಾಯಿಗೆ ಸಿಕ್ಕಿಸಿದರೆ ಒಂದು ಆಟ, ಕಳಚಿ ಇನ್ನೊಂದನ್ನು ಸಿಕ್ಕಿಸಿದರೆ ಇನ್ನೊಂದು ಆಟ. ಮರುವರ್ಷ ಬಂದ ಅಟಾರಿಯ ಯಂತ್ರ ಇದೇ ಮಾರ್ಗವನ್ನು ಹಿಡಿದು ಅಮೆರಿಕದ ಮನೆಮನೆಗೂ ಪ್ರವೇಶಿಸಿತು. "ಮುಂದೆ ಯಾವುದನ್ನು ಕೊಳ್ಳಲಿ?" ಎಂಬ ಪ್ರಶ್ನೆ ಆಟಗಾರನ ತಲೆಯನ್ನು ಹೊಕ್ಕುದು ಅಂದಿನಿಂದ.

ಈ ಪ್ರಶ್ನೆಗೆ ದೊರೆತ ಮೊದಲ ಸಮರ್ಪಕವಾದ ಉತ್ತರ ಕರ್ತೃವಿನ ಹೆಸರು. ಕಾದಂಬರಿಯನ್ನು ಕೊಳ್ಳುವವನು ಲೇಖಕನ ಹೆಸರನ್ನು ನೋಡುವಂತೆ ಆಟ ಕೊಳ್ಳುವವನು ರಚನಕಾರನ ಹೆಸರನ್ನು ನೋಡಬಹುದಾಗಿತ್ತು; ಆದರೆ ಅಟಾರಿಯು ತನ್ನ ರಚನಕಾರರ ಹೆಸರನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಲು ಒಪ್ಪಲಿಲ್ಲ. ವಾರೆನ್ ರಾಬಿನೆಟ್ ಎಂಬವನು ತಾನು ರಚಿಸಿದ 'ಅಡ್ವೆಂಚರ್' ಆಟದಲ್ಲಿ ಒಂದು ಗುಪ್ತಕೋಣೆಯನ್ನು ನಿರ್ಮಿಸಿ, ಯಜಮಾನರಿಗೆ ತಿಳಿಯದಂತೆ ಅದರೊಳಗೆ ತನ್ನ ಹೆಸರನ್ನು ಬರೆದಿಟ್ಟು ಹೊರಟುಹೋದನು. ಡೇವಿಡ್ ಕ್ರೇನ್ ಮೊದಲಾದ ನಾಲ್ವರು ಅಷ್ಟಕ್ಕೆ ತೃಪ್ತರಾಗದೆ 1979ರಲ್ಲಿ ಕಂಪನಿಯನ್ನೇ ತೊರೆದು ಆಕ್ಟಿವಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಯಂತ್ರವನ್ನು ತಯಾರಿಸದೆ, ಪರರ ಯಂತ್ರಕ್ಕೆ ಆಟಗಳನ್ನು ಮಾತ್ರ ರಚಿಸಿ ಮಾರುವ ವೃತ್ತಿಗೆ ಇದೇ ಮೂಲ. ಅವರು ಪ್ರತಿಯೊಂದು ಆಟದೊಡನೆಯೂ ಅದನ್ನು ರಚಿಸಿದವನ ಹೆಸರನ್ನು ಪ್ರಕಟಿಸಿದರು. 1982ರಲ್ಲಿ ಕ್ರೇನ್ ರಚಿಸಿದ 'ಪಿಟ್‌ಫಾಲ್' ಆಟದಲ್ಲಿ ಕಾಡಿನ ನಡುವೆ ಓಡುತ್ತ, ಬಳ್ಳಿ ಹಿಡಿದು ಮೊಸಳೆಗಳ ಮಡುವನ್ನು ದಾಟುತ್ತ 20,000 ಅಂಕಗಳನ್ನು ಗಳಿಸಿದವನು ಟೆಲಿವಿಷನ್ ತೆರೆಯ ಛಾಯಾಚಿತ್ರವನ್ನು ತೆಗೆದು ಕಳುಹಿಸಿದರೆ, ಸಂಸ್ಥೆಯು ಅಂಗಿಗೆ ಹೊಲಿದುಕೊಳ್ಳುವ ಒಂದು ಬಟ್ಟೆಯ ಬಿಲ್ಲೆಯನ್ನು ಅಂಚೆಯಲ್ಲಿ ಕಳುಹಿಸುತ್ತಿತ್ತು. ಆಡುವವನಿಗೂ ರಚಿಸುವವನಿಗೂ ನಡುವೆ ಒಂದು ಪರಿಚಯವಿದ್ದ ಕಾಲ ಅದು. ಕ್ರೇನನ ಒಂದು ಆಟವನ್ನು ಮೆಚ್ಚಿದವನು ಅವನ ಇನ್ನೊಂದು ಆಟವನ್ನು ಧೈರ್ಯವಾಗಿ ಕೊಳ್ಳಬಹುದಾಗಿತ್ತು.

ಆದರೆ ಆಕ್ಟಿವಿಷನ್ನಿನ ಮೇಲೆ ಅಟಾರಿ ಹೂಡಿದ ವ್ಯಾಜ್ಯ ರಾಜಿಯಲ್ಲಿ ಮುಗಿದು, ಯಾರು ಬೇಕಾದರೂ ಆಟ ರಚಿಸಿ ಮಾರಬಹುದೆಂದು ಲೋಕಕ್ಕೆ ತಿಳಿಯುತ್ತಲೇ, ರಚನೆಯ ಗಂಧವಿಲ್ಲದವರೂ ಧಾವಿಸಿ ಬಂದರು. ಬೆಳಗಿನ ಉಪಾಹಾರದ ಓಟ್ಸ್ ಮಾರುವ ಕ್ವೇಕರ್ ಕಂಪನಿ ಆಟಗಳ ಸಂಸ್ಥೆಯೊಂದನ್ನು ಕೊಂಡುಕೊಂಡಿತು. ನಾಯಿಗಳ ಆಹಾರ ಮಾರುವ ಪ್ಯುರಿನಾ ಕಂಪನಿ ತನ್ನ ಸರಕಿನ ಪ್ರಚಾರಕ್ಕಾಗಿಯೇ ಒಂದು ಆಟವನ್ನು ಮಾಡಿಸಿತು. ಸ್ವತಃ ಅಟಾರಿಯೇ ಜನಪ್ರಿಯ ಹೆಸರನ್ನು ನೆಚ್ಚಿ ಗುಣವನ್ನು ಮರೆಯಿತು. ಟೋರು ಇವಾತಾನಿ 1980ರಲ್ಲಿ ರಚಿಸಿದ 'ಪ್ಯಾಕ್‌-ಮ್ಯಾನ್' ನಾಣ್ಯದ ಯಂತ್ರದಲ್ಲಿ ಎಷ್ಟು ಸೊಗಸಾಗಿತ್ತೋ, 1982ರಲ್ಲಿ ಮನೆಗೆ ಬಂದ ಅದರ ರೂಪಾಂತರದಲ್ಲಿ ಭೂತಗಳು ಮಿನುಗಿ ಮಿನುಗಿ ಕಣ್ಣು ನೋಯಿಸಿ ಅಷ್ಟೇ ಕಳಪೆಯಾಗಿತ್ತು. ಅದೇ ವರ್ಷ ಸ್ಪೀಲ್‌ಬರ್ಗನ 'ಇ.ಟಿ.' ಚಲನಚಿತ್ರದ ಹಕ್ಕನ್ನು ಅಪಾರ ಹಣ ತೆತ್ತು ಪಡೆದ ಕಂಪನಿ, ಕ್ರಿಸ್ಮಸ್ ವೇಳೆಗೆ ಆಟ ಅಂಗಡಿಯಲ್ಲಿರಬೇಕೆಂಬ ಆತುರದಿಂದ, ಹೊವರ್ಡ್ ಸ್ಕಾಟ್ ವಾರ್ಶಾ ಎಂಬ ಸಮರ್ಥ ರಚನಕಾರನಿಗೆ ಐದು ವಾರಗಳ ಅವಧಿಯನ್ನು ಕೊಟ್ಟಿತು. ಹೆಜ್ಜೆ ಹೆಜ್ಜೆಗೂ ಹಳ್ಳಕ್ಕೆ ಬೀಳುವ ಆ ಆಟ ಕೊಂಡ ಮಕ್ಕಳ ಉತ್ಸಾಹವನ್ನು ಹಳ್ಳಕ್ಕೆ ತಳ್ಳಿತು. ಕೊಂಡವರು ಒಂದೆರಡು ಬಾರಿ ಮೋಸಹೋದರು, ಆಮೇಲೆ ಕೊಳ್ಳುವುದನ್ನೇ ಬಿಟ್ಟರು. ಮೂವತ್ತು ನಲವತ್ತು ಡಾಲರಿಗೆ ಮಾರುತ್ತಿದ್ದ ಕಾರ್ಟ್ರಿಜ್‌ಗಳು ಐದು ಡಾಲರಿನ ಬುಟ್ಟಿಗೆ ಬಿದ್ದುವು. 1983ರಲ್ಲಿ ಸುಮಾರು 320 ಕೋಟಿ ಡಾಲರ್ ಇದ್ದ ಅಮೆರಿಕದ ಗೃಹ ವಿಡಿಯೋ ಆಟಗಳ ವಹಿವಾಟು 1985ರ ವೇಳೆಗೆ ಸುಮಾರು 10 ಕೋಟಿಗೆ ಇಳಿಯಿತು. ಮಾರಾಟವಾಗದ ಕಾರ್ಟ್ರಿಜ್‌ಗಳನ್ನು 1983ರ ಸೆಪ್ಟೆಂಬರಿನಲ್ಲಿ ನ್ಯೂ ಮೆಕ್ಸಿಕೋದ ಆಲಮಗೋರ್ಡೋ ಪಟ್ಟಣದ ಕಸದ ಗುಂಡಿಯಲ್ಲಿ ಹೂಳಲಾಯಿತು. 2014ರಲ್ಲಿ ಆ ಗುಂಡಿಯನ್ನು ಅಗೆದು ತೆಗೆದ ಪ್ರತಿಗಳಲ್ಲಿ ಒಂದು ಇಂದು ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ನಂಬಿಕೆಯು ಕೆಟ್ಟಾಗ ಸರಕಿನ ಸಮೃದ್ಧಿಯೇ ವ್ಯಾಪಾರದ ಮೃತ್ಯುವಾಗಬಹುದೆಂಬುದಕ್ಕೆ ಅರ್ಥಶಾಸ್ತ್ರದ ಗ್ರಂಥಗಳಲ್ಲಿಯೂ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕುವುದು ಅಪರೂಪ.

ಅಮೆರಿಕದಲ್ಲಿ ಸತ್ತ ವ್ಯಾಪಾರವನ್ನು ಎಬ್ಬಿಸಿ ನಿಲ್ಲಿಸಿದುದು ಜಪಾನಿನ ನಿಂಟೆಂಡೊ. 1889ರಲ್ಲಿ ಕ್ಯೋಟೋ ನಗರದಲ್ಲಿ ಹೂವಿನ ಚಿತ್ರಗಳ ಇಸ್ಪೀಟೆಲೆಗಳನ್ನು ತಯಾರಿಸಲು ಆರಂಭವಾದ ಈ ಮನೆತನದ ಸಂಸ್ಥೆ 1983ರ ಜುಲೈನಲ್ಲಿ 14,800 ಯೆನ್ ಬೆಲೆಗೆ 'ಫ್ಯಾಮಿಕಾಮ್' ಯಂತ್ರವನ್ನು ಹೊರತಂದು, 1985ರಲ್ಲಿ ಅದರ ರೂಪಾಂತರವನ್ನು ನ್ಯೂಯಾರ್ಕ್ ನಗರಕ್ಕೆ ಒಯ್ದಿತು. ಅಮೆರಿಕದ ಪತನದಿಂದ ಪಾಠ ಕಲಿತ ಅವರು, ತಮ್ಮ ಒಪ್ಪಿಗೆಯಿಲ್ಲದ ಕಾರ್ಟ್ರಿಜ್ ಸಿಕ್ಕಿಸಿದರೆ ಯಂತ್ರವು ಆಡಗೊಡದಂತೆ ಒಳಗೊಂದು ಬೀಗದ ಚಿಪ್ಪನ್ನು ಕೂರಿಸಿದರು. ಒಪ್ಪಿಗೆ ಪಡೆದ ಆಟದ ಪೆಟ್ಟಿಗೆಯ ಮೇಲೆ ಗುಣಮಟ್ಟದ ಮುದ್ರೆಯೊಂದನ್ನು ಒತ್ತಿದರು. ಯಾವ ಪ್ರಕಾಶಕನೂ ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟಗಳನ್ನು ತರಕೂಡದೆಂದು ಕಟ್ಟುಮಾಡಿದರು. ಈ ಮುದ್ರೆಯೂ ಸರ್ವಾಂಗಪರಿಪೂರ್ಣವಾದ ಅಭಯವಾಗಿರಲಿಲ್ಲ. ಯಂತ್ರದಲ್ಲಿ ಆಟ ಸುಸೂತ್ರವಾಗಿ ನಡೆಯುತ್ತದೆಂಬುದಕ್ಕೆ ಅದು ಪ್ರಮಾಣವೇ ಹೊರತು ಆಡಿದವನಿಗೆ ಸಂತೋಷವಾಗುತ್ತದೆಂಬುದಕ್ಕೆ ಅಲ್ಲ. ಕೊನಾಮಿಯಂತಹ ಸಂಸ್ಥೆಯು ಅಲ್ಟ್ರಾ ಎಂಬ ಎರಡನೆಯ ಹೆಸರನ್ನು ಧರಿಸಿ ಐದರ ಕಟ್ಟನ್ನೂ ಲೀಲಾಜಾಲವಾಗಿ ದಾಟಿತು. ಅಂಗಡಿಗಳಲ್ಲಿಯೂ ಸರಕು ಕೈಗೆ ಸಿಕ್ಕುತ್ತಿರಲಿಲ್ಲ. ಅಮೆರಿಕದ ದೊಡ್ಡ ಆಟಿಕೆಯಂಗಡಿಗಳಲ್ಲಿ ಗೋಡೆಗೆ ಪೆಟ್ಟಿಗೆಯ ಚಿತ್ರಗಳನ್ನಷ್ಟೇ ತೂಗುಹಾಕಿ, ಪ್ರತಿಯೊಂದರ ಕೆಳಗೆ ಒಂದು ಜೇಬಿನಲ್ಲಿ ಕಾಗದದ ಚೀಟಿಗಳನ್ನು ಇರಿಸುತ್ತಿದ್ದರು. ಚೀಟಿಯನ್ನು ಒಯ್ದು ಹಣ ಕಟ್ಟಿದ ಮೇಲೆ, ಬೀಗ ಹಾಕಿದ ಗಾಜಿನ ಗೂಡಿನಿಂದ ಆಟ ಹೊರಬರುತ್ತಿತ್ತು.

ಆಟಗಾರನ ಆಯ್ಕೆಯ ದೃಷ್ಟಿಯಿಂದ ಈ ಇತಿಹಾಸದಲ್ಲಿ ಅತ್ಯಂತ ಸ್ವಾರಸ್ಯವಾದ ಏರ್ಪಾಡು ಜಪಾನಿನಲ್ಲಿ 1986ರ ಫೆಬ್ರವರಿಯಲ್ಲಿ ಆರಂಭವಾದ ಫ್ಯಾಮಿಕಾಮ್ ಡಿಸ್ಕ್ ಪದ್ಧತಿ. ಕಾರ್ಟ್ರಿಜ್ ಒಂದಕ್ಕೆ 5,000 ಯೆನ್ನಿನ ಆಸುಪಾಸಿನಲ್ಲಿ ಬೆಲೆಯಿದ್ದ ಆ ಕಾಲದಲ್ಲಿ, ಅಂಗೈಯಗಲದ ಹಳದಿ ಡಿಸ್ಕಿನಲ್ಲಿ ಬರುತ್ತಿದ್ದ ಆಟಕ್ಕೆ ಸುಮಾರು ಅದರ ಅರ್ಧ ಬೆಲೆ. ಅದಕ್ಕಿಂತ ಹೆಚ್ಚಿನ ಅನುಕೂಲವೆಂದರೆ, ಆಡಿ ಸಾಕೆನಿಸಿದ ಆಟದ ಡಿಸ್ಕನ್ನು ಅಂಗಡಿಗೆ ಒಯ್ದು 500 ಯೆನ್ ಕೊಟ್ಟರೆ, ಅಲ್ಲಿ ಇರಿಸಿದ್ದ ದೊಡ್ಡ ಯಂತ್ರವೊಂದು ಹಳೆಯದನ್ನು ಅಳಿಸಿ ಹೊಸ ಆಟವನ್ನು ಅದೇ ಡಿಸ್ಕಿನ ಮೇಲೆ ಬರೆದುಕೊಡುತ್ತಿತ್ತು. ಶಾಲೆ ಬಿಟ್ಟ ಬಾಲಕನೊಬ್ಬ ಜೇಬಿನಲ್ಲಿ ಒಂದು ಡಿಸ್ಕ್, ಮುಷ್ಟಿಯಲ್ಲಿ ಒಂದು 500 ಯೆನ್ ನಾಣ್ಯ ಹಿಡಿದು ಆ ಯಂತ್ರದ ಮುಂದೆ ನಿಂತುದನ್ನು ಊಹಿಸಿಕೊಳ್ಳಿ. ಅವನ ಮುಂದಿದ್ದ ಪ್ರಶ್ನೆ ಹೊಸ ಆಟ ಯಾವುದೆಂಬುದಷ್ಟೇ ಆಗಿರಲಿಲ್ಲ. ಅದಕ್ಕಾಗಿ ಯಾವ ಹಳೆಯ ಆಟವನ್ನು ತ್ಯಾಗಮಾಡಲಿ ಎಂಬುದೂ ಆಗಿತ್ತು. ತನ್ನ ಬಾಲ್ಯದಲ್ಲಿ ಕ್ಯೋಟೋದ ಸಮೀಪದ ಸೊನೊಬೆಯ ಗುಡ್ಡಗಳಲ್ಲಿ ಅಲೆದಾಡಿ, ಅಕಸ್ಮಾತ್ತಾಗಿ ಗುಹೆಗಳನ್ನು ಕಂಡು ಬೆರಗಾದ ನೆನಪಿನಿಂದ ಶಿಗೆರು ಮಿಯಾಮೊಟೊ ರೂಪಿಸಿದ 'ಜೆಲ್ಡಾ' ಆಟವು ಈ ಪದ್ಧತಿಯೊಡನೆಯೇ, ಅದೇ ದಿನ, ಹೊರಬಂದಿತು. ಹೊಸತರ ಆಸೆಗಾಗಿ ಅದನ್ನು ಅಳಿಸಿದರೆ ಅದರೊಡನೆ ತಾನು ಅಗೆದು ಹುಡುಕಿದ ನೆಲಮಾಳಿಗೆಗಳೂ, ಗಳಿಸಿ ಕೂಡಿಟ್ಟ ಖಡ್ಗವೂ, ಅಲ್ಲಿಯವರೆಗಿನ ಯಾತ್ರೆಯ ದಾಖಲೆಯೂ ಅಳಿದುಹೋಗುತ್ತಿದ್ದುವು. ಹೀಗಾಗಿ ಪ್ರತಿಯೊಂದು ಹೊಸ ಖರೀದಿಯೂ ಹಳೆಯ ಪ್ರೀತಿಯ ಪರೀಕ್ಷೆಯಾಗಿ, ಯಾವುದು ಕ್ಷಣಿಕ ಕುತೂಹಲ, ಯಾವುದು ಮನಸ್ಸಿನಲ್ಲಿ ನೆಲೆನಿಂತ ಮೆಚ್ಚಿಕೆ ಎಂಬುದನ್ನು ಆ ಬಾಲಕ ತನ್ನೊಳಗೇ ತೂಗಿ ನೋಡಬೇಕಾಗುತ್ತಿತ್ತು. ಕಾರ್ಟ್ರಿಜ್‌ಗಳ ಸ್ಮೃತಿಶಕ್ತಿ ಹೆಚ್ಚಿ, ಆಟದ ಪ್ರಗತಿಯನ್ನು ಉಳಿಸಿಡುವ ಬ್ಯಾಟರಿಯೂ ಅವುಗಳೊಳಗೆ ಬಂದು, ಡಿಸ್ಕುಗಳ ಕಳ್ಳನಕಲೂ ಹಬ್ಬಿದ ಮೇಲೆ ಈ ಪದ್ಧತಿ ಹಿಂದೆ ಬಿದ್ದಿತು. ಮರುಬರೆವ ಸೇವೆ ಮಾತ್ರ 2003ರವರೆಗೂ ನಡೆಯಿತು.

ಮಾರುವವರ ಮುದ್ರೆಗಿಂತ ಆಡುವವರ ಮಾತೇ ಮೇಲೆಂಬ ಅರಿವು ಈ ನಡುವೆ ಬೆಳೆಯುತ್ತಿತ್ತು. 1983ರಲ್ಲಿ ಟೋಕಿಯೋದ ಸತೋಷಿ ತಾಜಿರಿ ಎಂಬ ಹದಿಹರೆಯದ ಆಟಗಾರನು, ತಾನು ಮೆಚ್ಚಿದ ಆಟಗಳನ್ನು ಆಡುವ ಉಪಾಯಗಳನ್ನು ಕೈಯಿಂದಲೇ ಬರೆದು, ನಕಲು ತೆಗೆಸಿ, ಪಿನ್ನು ಹೊಡೆದು 'ಗೇಮ್ ಫ್ರೀಕ್' ಎಂಬ ಪುಟ್ಟ ಪತ್ರಿಕೆಯಾಗಿ ಮಾರತೊಡಗಿದನು. ಅದನ್ನು ಕೊಂಡು ಓದಿ ಮೆಚ್ಚಿದ ಕೆನ್ ಸುಗಿಮೊರಿ ಎಂಬ ಚಿತ್ರಕಾರ ಅವನ ಜೊತೆಗೂಡಿದನು. ಆಟಗಳ ಗುಣದೋಷಗಳನ್ನು ಚರ್ಚಿಸಿ ಚರ್ಚಿಸಿ, ಕಡೆಗೆ ನಾವೇ ಒಂದು ಆಟವನ್ನು ಏಕೆ ರಚಿಸಬಾರದೆಂದು ಹೊರಟ ಆ ಗೆಳೆಯರ ಪತ್ರಿಕೆ 1989ರಲ್ಲಿ ಅದೇ ಹೆಸರಿನ ಕಂಪನಿಯಾಗಿ, 1996ರ ಫೆಬ್ರವರಿಯಲ್ಲಿ 'ಪೋಕೆಮಾನ್' ಆಟವನ್ನು ಲೋಕಕ್ಕೆ ಕೊಟ್ಟಿತು. ವೃತ್ತಿಪರ ವಿಮರ್ಶೆಯೂ ಇದೇ ಕಾಲದಲ್ಲಿ ಹುಟ್ಟಿತು. 1986ರ ಜೂನ್‌ನಲ್ಲಿ ಆರಂಭವಾಗಿ 'ಫಮಿತ್ಸು' ಎಂದು ಹೆಸರಾದ ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ಒಂದೊಂದು ಆಟಕ್ಕೂ ಹತ್ತರಲ್ಲಿ ಇಷ್ಟೆಂದು ಅಂಕ ಕೊಡುತ್ತಿದ್ದರು. ನಲವತ್ತಕ್ಕೆ ನಲವತ್ತೂ ಪಡೆದ ಮೊದಲ ಆಟ ಬರಲು 1998ರವರೆಗೆ ಕಾಯಬೇಕಾಯಿತು, ಅದು ಮತ್ತೊಂದು ಜೆಲ್ಡಾ. ಅಂಕಗಳಿಗೆ ಕಾಯದೆಯೇ ಜನ ಮುಗಿಬಿದ್ದ ಆಟಗಳೂ ಉಂಟು. ಯೂಜಿ ಹೋರಿಯ 'ಡ್ರಾಗನ್ ಕ್ವೆಸ್ಟ್' ಮಾಲೆಯ ಮೂರನೆಯ ಆಟ 1988ರ ಫೆಬ್ರವರಿ 10ರಂದು, ಒಂದು ಬುಧವಾರ, ಹೊರಬಂದಾಗ ಅಂಗಡಿಗಳ ಮುಂದೆ ಉದ್ದುದ್ದ ಸಾಲುಗಳು ಬೆಳೆದು, ಶಾಲೆಗೆ ಚಕ್ಕರ್ ಹೊಡೆದು ನಿಂತಿದ್ದ ಮಕ್ಕಳನ್ನು ಪೊಲೀಸರು ಹಿಡಿಯಬೇಕಾಯಿತು. ಕರ್ತೃವಿನ ಹೆಸರಿನ ಮೇಲಿನ ನಂಬಿಕೆ ಅಲ್ಲಿ ಪುನಃ ಫಲಿಸಿದುದನ್ನು ಕಾಣಬಹುದು: ಹಿಂದಿನ ಎರಡನ್ನು ಆಡಿದವರೇ ಮೂರನೆಯದಕ್ಕೆ ಚಳಿಯಲ್ಲಿ ನಿಂತವರು.

ಅಮೆರಿಕದ ಕೆಲವು ರಚನಕಾರರು ಇನ್ನೊಂದು ಉಪಾಯವನ್ನು ಹಿಡಿದು, ಸರಕನ್ನು ಮೊದಲೇ ಕಾಣಿಸಿದರು. 1993ರ ಡಿಸೆಂಬರಿನಲ್ಲಿ ಬಂದ 'ಡೂಮ್' ಆಟದ ಮೊದಲನೆಯ ಪರ್ವವನ್ನು ಯಾರು ಬೇಕಾದರೂ ಉಚಿತವಾಗಿ ಪಡೆದು, ಗೆಳೆಯರಿಗೆ ಹಂಚಿ, ಮನಸೋತರೆ ಮಾತ್ರ ಉಳಿದ ಪರ್ವಗಳಿಗೆ ಹಣ ಕಳುಹಿಸಬಹುದಾಗಿತ್ತು. ಜಪಾನಿನಲ್ಲಿ ಆಟಗಾರರು ಹಿಡಿದ ಉಪಾಯವೆಂದರೆ ಮರುಮಾರಾಟ. ಆಡಿ ಮುಗಿಸಿದ ಆಟವನ್ನು ಹಳೆಯ ಸರಕಿನ ಅಂಗಡಿಗೆ ಕೊಟ್ಟು, ಬಂದ ಹಣಕ್ಕೆ ಒಂದಿಷ್ಟು ಸೇರಿಸಿ ಮುಂದಿನದನ್ನು ಕೊಳ್ಳುವ ಈ ಪದ್ಧತಿಯ ವಿರುದ್ಧ ತಯಾರಕರು ನ್ಯಾಯಾಲಯಕ್ಕೆ ಹೋದರು. 2002ರ ಏಪ್ರಿಲಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಒಮ್ಮೆ ಮಾರಿದ ಆಟದ ಮರುಮಾರಾಟವನ್ನು ತಡೆಯುವ ಅಧಿಕಾರ ತಯಾರಕನಿಗಿಲ್ಲವೆಂದು ತೀರ್ಪಿತ್ತಿತು. ಕೊಂಡ ವಸ್ತು ಕೊಂಡವನದು ಎಂಬ ಲೋಕರೂಢಿಯ ತತ್ತ್ವಕ್ಕೆ ಸಂದ ಜಯ ಅದು.

ನಮ್ಮ ನಾಡಿಗೆ ಈ ವಿನೋದ ಬಂದುದು ಹಿಂಬಾಗಿಲಿನಿಂದ. 1990ರ ದಶಕದಲ್ಲಿ ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಂತಹ ಕಡೆಗಳಲ್ಲಿ 'ಟಿವಿ ಗೇಮ್' ಎಂಬ ಹೆಸರಿನಿಂದ ಮಾರಾಟವಾಗುತ್ತಿದ್ದುವು ಫ್ಯಾಮಿಕಾಮ್ ಯಂತ್ರದ ಅನುಕರಣೆಗಳು. ಅವುಗಳಿಗೆ ಸಿಕ್ಕಿಸುವ ಕಾರ್ಟ್ರಿಜ್‌ಗಳನ್ನು ನಾವೆಲ್ಲ ಕ್ಯಾಸೆಟ್ ಎನ್ನುತ್ತಿದ್ದೆವು. ಇಲ್ಲಿ ಗುಣಮಟ್ಟದ ಮುದ್ರೆಯಿಲ್ಲ, ಕರ್ತೃವಿನ ಹೆಸರಿಲ್ಲ, ವಿಮರ್ಶೆಯ ಪತ್ರಿಕೆಯಿಲ್ಲ. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳು ಒಂದರಲ್ಲಿವೆಯೆಂದು ಅಚ್ಚಾಗಿರುತ್ತಿತ್ತು. ಮನೆಗೆ ತಂದು ಪಟ್ಟಿಯನ್ನು ಕೆಳಕೆಳಗೆ ಸರಿಸುತ್ತ ಹೋದರೆ ಮಾರಿಯೋ, ಕಾಂಟ್ರಾ, ಬಾತುಕೋಳಿಯ ಬೇಟೆ, ಕಾರಿನ ಓಟ ಎಂಬ ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿಕೊಂಡು, ಎರಡನೆಯ ಹಂತದಿಂದಲೋ ಮೂರನೆಯ ಹಂತದಿಂದಲೋ ಆರಂಭವಾಗುತ್ತ, ಮತ್ತೆ ಮತ್ತೆ ಎದುರಾಗುತ್ತಿದ್ದುವು. ಆದುದರಿಂದ ಬೀದಿಯ ಹುಡುಗರೇ ತಮ್ಮ ವಿಮರ್ಶಕರಾದರು. ಒಬ್ಬನ ಮನೆಯಲ್ಲಿ ಆಡಿ ನೋಡದೆ ಇನ್ನೊಬ್ಬ ಕೊಳ್ಳುತ್ತಿರಲಿಲ್ಲ. ಕ್ಯಾಸೆಟ್ಟುಗಳು ಭಾನುವಾರದಿಂದ ಭಾನುವಾರಕ್ಕೆ ಕೈಬದಲಾಗುತ್ತಿದ್ದುವು. ತೆರೆ ಬೂದಿಬಣ್ಣಕ್ಕೆ ತಿರುಗಿದಾಗ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸುವ ಚಿಕಿತ್ಸೆಯಿಂದ ಹಿಡಿದು, ಕಾಂಟ್ರಾದಲ್ಲಿ ಮೇಲೆ ಮೇಲೆ ಕೆಳಗೆ ಕೆಳಗೆ ಎಂದು ಗುಂಡಿಗಳನ್ನೊತ್ತಿ ಮೂವತ್ತು ಪ್ರಾಣಗಳನ್ನು ಪಡೆಯುವ ಮಂತ್ರದವರೆಗೆ ಎಲ್ಲ ವಿದ್ಯೆಯೂ ಬಾಯಿಂದ ಬಾಯಿಗೆ ಹರಿಯುತ್ತಿತ್ತು. ಆ ಮಂತ್ರವನ್ನು ಕೊನಾಮಿಯ ಕಝುಹಿಸಾ ಹಶಿಮೊಟೊ ಬೇರೊಂದು ಆಟಕ್ಕಾಗಿ ಮೊದಲು ರಚಿಸಿದನೆಂಬುದು ನಮಗೆ ಹೇಗೆ ತಿಳಿಯಬೇಕು? ಬಳಕೆಯಲ್ಲಿದ್ದ ಆಟಗಳು ಕೆಲವೇ ಆದುದರಿಂದ ಅವುಗಳ ಒಂದೊಂದು ಮೂಲೆಯೂ ಕಂಠಸ್ಥವಾಯಿತು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ ನಮ್ಮ ಊರಿನ ಕಲಾವಿದರ ಕೆಲಸವೂ ಪರದೇಶದ ಪ್ರಸಿದ್ಧ ಆಟಗಳೊಳಗೆ ಸೇರಿತು. ಆದರೆ ಪೆಟ್ಟಿಗೆಯ ಮುಖದ ಮೇಲೆ ಕಾಣುತ್ತಿದ್ದುದು ಅನ್ಯರ ಹೆಸರು.

ಇಂದಿನ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. 2003ರ ಸೆಪ್ಟೆಂಬರಿನಲ್ಲಿ ವಾಲ್ವ್ ಕಂಪನಿ ಆರಂಭಿಸಿದ ಸ್ಟೀಮ್ ಮಳಿಗೆಯಿಂದ ಮೊದಲುಗೊಂಡು ಆಟವು ಪೆಟ್ಟಿಗೆಯನ್ನೂ ಡಿಸ್ಕನ್ನೂ ಕಳಚಿ ತಂತಿಯ ಮೂಲಕವೇ ಮನೆಗೆ ಬರತೊಡಗಿತು. ಕೊಳ್ಳುವವನಿಗೆ ಹಲವು ಅನುಕೂಲಗಳಾದುವು. ಇತರರು ಆಡುವುದನ್ನು ಕುಳಿತಲ್ಲಿಯೇ ನೋಡಬಹುದು. 2015ರಿಂದ ಈಚೆಗೆ, ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮಿನಲ್ಲಿ ಹಣವನ್ನು ಹಿಂದಕ್ಕೆ ಪಡೆಯಬಹುದು. 2017ರಲ್ಲಿ ಬಂದ ಎಕ್ಸ್‌ಬಾಕ್ಸ್ ಗೇಮ್ ಪಾಸ್ ಮಾದರಿಯ ಚಂದಾ ಕಟ್ಟಿದರೆ ಕೊಳ್ಳುವ ಪ್ರಮೇಯವೇ ಇಲ್ಲ. ಕಾಣದ ಸರಕು ಕೊನೆಗೂ ಕಾಣುವಂತಾಯಿತು. ಆದರೆ ಕಾಣುವಂತಾದ ಗಳಿಗೆಯಲ್ಲಿಯೇ ಅದು ಕೈಗೆ ಸಿಕ್ಕದಂತಾದುದು ಈ ಇತಿಹಾಸದ ವಿಪರ್ಯಾಸ. ಮುಕ್ಕಾಲು ಪಾಲು ರಿಯಾಯಿತಿಯೆಂಬ ಹಬ್ಬದ ಮಾರಾಟದಲ್ಲಿ ಕೊಂಡುಹಾಕಿದ ಆಟಗಳು ತೆರೆಯದೆ ರಾಶಿ ಬೀಳುತ್ತವೆ. ಕೊಂಡುದನ್ನು ಮಾರುವಂತಿಲ್ಲ, ಗೆಳೆಯನಿಗೆ ಕೊಡುವಂತಿಲ್ಲ. 2023ರ ಮಾರ್ಚಿನಲ್ಲಿ ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳ ಮಳಿಗೆಯನ್ನು ಮುಚ್ಚಿದಾಗ ಅಲ್ಲಿ ಮಾತ್ರ ದೊರೆಯುತ್ತಿದ್ದ ಆಟಗಳ ಮಾರಾಟ ನಿಂತುಹೋಯಿತು. 2024ರ ಮಾರ್ಚಿನಲ್ಲಿ ಯುಬಿಸಾಫ್ಟ್ ತನ್ನ ಸರ್ವರುಗಳನ್ನು ಆರಿಸಿದಾಗ 'ದಿ ಕ್ರೂ' ಆಟವನ್ನು ಹಣ ಕೊಟ್ಟು ಕೊಂಡವರೂ ಆಡದಂತಾದರು. ಇಂತಹ ಕ್ರಯದಲ್ಲಿ ದೊರೆಯುವುದು ಅನುಮತಿಯೇ ಹೊರತು ಒಡೆತನವಲ್ಲವೆಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾಯಿದೆಯನ್ನು ಕ್ಯಾಲಿಫೋರ್ನಿಯ ರಾಜ್ಯ ಮಾಡಬೇಕಾಯಿತು. 2010ಕ್ಕಿಂತ ಮುಂಚೆ ಅಮೆರಿಕದಲ್ಲಿ ಪ್ರಕಟವಾದ ಆಟಗಳಲ್ಲಿ ನೂರಕ್ಕೆ 87ರಷ್ಟು ಇಂದು ಯಾವ ಮಳಿಗೆಯಲ್ಲಿಯೂ ಸಿಕ್ಕುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ.

ಈ ಹಿನ್ನೆಲೆಯಲ್ಲಿ ನನ್ನ ಮೆಚ್ಚಿನ ಆಟಗಳನ್ನು ಪರಿಶೀಲಿಸಿದರೆ, ಅವುಗಳಲ್ಲಿ ಯಾವುದೂ ಜಾಹೀರಾತಿನ ಮೂಲಕ ನನ್ನ ಬಳಿಗೆ ಬಂದುದಲ್ಲವೆಂದು ತೋರುತ್ತದೆ. ಎಲ್ಲಕ್ಕಿಂತ ಮೇಲೆ ನಾನಿರಿಸುವುದು 'ಟೆಟ್ರಿಸ್' ಅನ್ನು. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕಕೇಂದ್ರದಲ್ಲಿ ಅಲೆಕ್ಸಿ ಪಾಜಿಟ್‌ನೋವ್, ಚಿತ್ರ ಬಿಡಿಸುವ ಶಕ್ತಿಯೂ ಇಲ್ಲದ ಎಲೆಕ್ಟ್ರೋನಿಕಾ-60 ಎಂಬ ಯಂತ್ರದ ಮೇಲೆ, ಅಕ್ಷರಗಳ ನಡುವೆ ಬಳಸುವ ಆವರಣಚಿಹ್ನೆಗಳನ್ನೇ ಜೋಡಿಸಿ ಬೀಳುವ ತುಂಡುಗಳನ್ನು ನಿರ್ಮಿಸಿದನು. ಮಾರುವ ಉದ್ದೇಶವಿಲ್ಲದೆ ಹುಟ್ಟಿ, ಕೈಯಿಂದ ಕೈಗೆ ನಕಲಾಗುತ್ತ ನಗರವನ್ನೆಲ್ಲ ವ್ಯಾಪಿಸಿದ ಆ ಆಟದಿಂದ ಅದರ ಕರ್ತೃವಿಗೆ ಗೌರವಧನ ದೊರೆಯತೊಡಗಿದುದು 1996ರಲ್ಲಿ. ಎರಡನೆಯದು ಮೊದಲ ಜೆಲ್ಡಾ. ದಾರಿ ತೋರಿಸದೆ ಬಯಲಿನಲ್ಲಿ ಬಿಟ್ಟುಬಿಡುವ ಅದರ ನಿರ್ದಾಕ್ಷಿಣ್ಯವೇ ನನಗೆ ಪ್ರಿಯ. ಇನ್ನು ಮುಂದೆ ಕೊಳ್ಳಬೇಕೆಂದಿರುವುದು ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ಹೊರತಂದ 'ರಾಜಿ'. ಸರ್ಕಸ್ಸಿನ ಹುಡುಗಿಯೊಬ್ಬಳು ತನ್ನ ತಮ್ಮನನ್ನು ಅಸುರರ ಕೈಯಿಂದ ಬಿಡಿಸಲು ಹೊರಡುವ ಕಥೆ ಅದು. ರಾಜಸ್ಥಾನದ ಕೋಟೆಗಳ ಶಿಲ್ಪವೂ ಪಹಾಡಿ ಚಿತ್ರಗಳ ವರ್ಣವಿಲಾಸವೂ ಅದರಲ್ಲಿ ಕೂಡಿವೆ. ಕಾಳಗದ ಭಾಗ ಸ್ವಲ್ಪ ಒರಟೆಂದು ಆಡಿದವರು ಹೇಳುತ್ತಾರೆ. ಆದರೂ ರಚಿಸಿದವರು ಯಾರೆಂದು ಮರೆಮಾಡದೆ, ನಮ್ಮ ದೇಶದ ಒಂದು ಚಿಕ್ಕ ತಂಡ ತನ್ನದೇ ಹೆಸರಿನಲ್ಲಿ ನಿಂತಿರುವ ಆಟವದು. ಹೆಸರಿನ ಮೇಲಿನ ನಂಬಿಕೆಯಿಂದ ಆರಂಭವಾದ ವಿವೇಚನೆಗೆ ಅಷ್ಟು ಆಧಾರ ಸಾಕು.

ಆಡುವ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಹಬ್ಬದ ಮಾರಾಟದಲ್ಲಿ ಬೆಲೆ ಇಳಿದುದನ್ನು ಕಂಡು ಕೈಚಾಚುವ ಮುನ್ನ, ಈ ಹೊಸ ಆಟಕ್ಕಾಗಿ ನನ್ನಲ್ಲಿರುವ ಯಾವ ಆಟವನ್ನು ಅಳಿಸಲು ಒಪ್ಪಿಯೇನು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಯಾವುದನ್ನೂ ಅಳಿಸಲು ಮನಸ್ಸು ಬಾರದಿದ್ದರೆ ಇರುವುದನ್ನೇ ಮತ್ತೊಮ್ಮೆ ಆಡಿ. ಕೊಳ್ಳಲೇಬೇಕೆನಿಸಿದರೆ ರಚಿಸಿದವರ ಹೆಸರನ್ನು ನೋಡಿ, ಆಡಿ ಮುಗಿಸಿದ ಗೆಳೆಯನನ್ನು ವಿಚಾರಿಸಿ, ಕೊಂಡ ಮೇಲೆ ನಿಮ್ಮದಾಗಿಯೇ ಉಳಿಯುವ ರೂಪದಲ್ಲಿ ದೊರೆಯುವುದಾದರೆ ಆ ರೂಪದಲ್ಲಿಯೇ ಕೊಳ್ಳಿ, ಅದಕ್ಕೆ ನಾಲ್ಕು ಕಾಸು ಹೆಚ್ಚು ಬಿದ್ದರೂ ಸರಿಯೆ.